ಹೌಸಿಂಗ್ ಕೆಳಗಿನ ತೂತು

ನಮ್ಮ ಶಹಾಪುರ ಸೀಮೆಯಲ್ಲಿ ಟ್ರ್ಯಾಕ್ಟರಿನ ಕ್ಲಚ್ ಕೆಡುವ ರೀತಿಯೇ ಕಾಲುವೆ ನೀರು ಬಂದ ಮೇಲೆ ಬದಲಾಯಿತು. ಅದಕ್ಕೂ ಮೊದಲು ಇಲ್ಲಿ ಜೋಳ, ತೊಗರಿ, ಶೇಂಗಾ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲಕ್ಕೆ ನೇಗಿಲು ಇಳಿಸಿದರೆ ಎತ್ತಿನ ತಲೆಯಷ್ಟು ಹೆಂಟೆ ಏಳುತ್ತಿದ್ದವು. ಇಂಜಿನ್ ಉಸಿರುಗಟ್ಟಿದಾಗ ಡ್ರೈವರ್ ಗೇರ್ ಇಳಿಸುತ್ತಿರಲಿಲ್ಲ, ಅರ್ಧ ಕ್ಲಚ್ ಒತ್ತಿ ಹಾಗೇ ದಾಟಿಸುತ್ತಿದ್ದ. ಪ್ಲೇಟ್ ಸುಟ್ಟ ನಾತ ಪಕ್ಕದ ಹೊಲದವರಿಗೂ ಗೊತ್ತಾಗುತ್ತಿತ್ತು.

ಆಗ ಸುತ್ತಲಿದ್ದವು ಮಹೀಂದ್ರಾ ಬಿ-275, ಎಚ್‌ಎಂಟಿ, ಎಸ್ಕಾರ್ಟ್. ನಮ್ಮ ಕಾಕಾನದು ಮ್ಯಾಸ್ಸಿ; ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿಯದು. ಸಾಮಾನು ಬೇಕಾದರೆ ಗುಲಬರ್ಗಾದ ಬಸ್ಸು ಹತ್ತಬೇಕು. ಆಗ ನಮ್ಮದೂ ಗುಲಬರ್ಗಾ ಜಿಲ್ಲೆಯೇ; ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ.

ಸುರಪುರ ರಸ್ತೆಯ ಬೇವಿನ ಗಿಡದ ಕೆಳಗೆ ಒಬ್ಬ ಮಿಸ್ತ್ರಿ ಇದ್ದ. ಗಾಡಿ ತಂದು ನಿಲ್ಲಿಸಿದ ಕೂಡಲೇ ಪಾನಾ ಹಿಡಿಯುವವನಲ್ಲ. "ಗೌಡ್ರ, ಬಿಚ್ಚೂದೇನ್ ದೊಡ್ಡದಲ್ಲ. ಯಾಕ ಕೆಟ್ಟದ ಅಂಬೋದು ಮೊದಲ್ ನೋಡಮು" ಅನ್ನುತ್ತಿದ್ದ. ಪೆಡಲನ್ನು ಕೈಯಿಂದ ಒತ್ತಿ, ಬಿಗಿ ಹತ್ತುವ ಮುಂಚೆ ಬೆರಳಗಲದಷ್ಟಾದರೂ ಸಡಿಲಿದೆಯೇ ಅಂತ ನೋಡುವನು. ಸಡಿಲೇ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಯಾವಾಗಲೂ ಪ್ರೆಶರ್ ಪ್ಲೇಟಿನ ಫಿಂಗರ್‌ಗಳಿಗೆ ತಾಗಿ, ಪ್ಲೇಟ್ ಪೂರ್ತಿ ಹಿಡಿಯದೆ ಜಾರುತ್ತದೆ. ರಾಡ್ ಸರಿ ಮಾಡಿದರೆ ಅಲ್ಲಿಗೇ ಮುಗಿಯಿತು. ಸಡಿಲು ಅತಿಯಾಗಿದ್ದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕರಕರ ಅನ್ನುತ್ತದೆ. ಆಮೇಲೆ ಬ್ರೇಕ್ ಒತ್ತಿಸಿ, ಮೇಲಿನ ಗೇರಿನಲ್ಲಿ ಕ್ಲಚ್ ಬಿಡಿಸುವನು. ಇಂಜಿನ್ ಬಂದಾದರೆ ಕ್ಲಚ್ ಹಿಡಿಯುತ್ತಿದೆ, ಓಡುತ್ತಲೇ ಇದ್ದರೆ ಜಾರುತ್ತಿದೆ. ಪೆಡಲ್ ಒತ್ತಿದಾಗ ಮಾತ್ರ ಕಿರ್ ಅಂದರೆ ರಿಲೀಸ್ ಬೇರಿಂಗ್.

ಕೊನೆಗೆ ಕೆಳಗೆ ನುಸುಳಿ, ಕ್ಲಚ್ ಹೌಸಿಂಗ್ ತಳದ ಸಣ್ಣ ತೂತಿಗೆ ಬೆರಳು ಹಚ್ಚುವನು. ಒಳಗೆ ಸೋರಿದ್ದೆಲ್ಲ ಹೊರಬರಲಿ ಅಂತಲೇ ಅದನ್ನು ಬಿಟ್ಟಿರುತ್ತಾರೆ. ಬೆರಳಿಗೆ ಹತ್ತಿದ್ದನ್ನು ಉಜ್ಜಿ, ಮೂಸಿ ನೋಡುತ್ತಿದ್ದ. ಕಪ್ಪಗೆ, ತೆಳ್ಳಗಿದ್ದರೆ ಇಂಜಿನ್ ಆಯಿಲ್, ಅಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್, ಗೇರ್‌ಬಾಕ್ಸ್ ಕಡೆಯ ಸೀಲ್.

ಹಾಗಂತ ಆ ಕಾಲವೇ ಚೆಂದವಿತ್ತು ಅನ್ನಲಾರೆ. ಟ್ರ್ಯಾಕ್ಟರಿಗೆ ಬೇರೆ ಚಾಸಿಸ್ ಇಲ್ಲ. ಕ್ಲಚ್ ಮುಟ್ಟಬೇಕಾದರೆ ಇಂಜಿನ್ನು, ಗೇರ್‌ಬಾಕ್ಸು ಎರಡು ಹೋಳಾಗಬೇಕು. ಅದನ್ನು ಲಾರಿ ಜಾಕ್ ಮತ್ತು ಕಟ್ಟಿಗೆ ದಿಮ್ಮಿಗಳ ಮೇಲೆ ಮಾಡುತ್ತಿದ್ದರು. ದಿಮ್ಮಿ ಜಾರಿದರೆ ಕಾಲು ಹೋದಂತೆಯೇ. ಹಳೇ ಪ್ಲೇಟಿಗೇ ಲೈನಿಂಗ್ ಹಾಕಿ ರಿವೆಟ್ ಹೊಡೆಯುವರು. ರಿವೆಟ್ ಸಮ ಕೂರದಿದ್ದರೆ ಗಾಡಿ ಹೊರಡುವಾಗ ನಡುಗುತ್ತಿತ್ತು. ಹೌಸಿಂಗಿನ ಧೂಳನ್ನು ಬಾಯಿಂದಲೇ ಊದುತ್ತಿದ್ದರು. ಆಗಿನ ಲೈನಿಂಗಿನಲ್ಲಿ ಇರುತ್ತಿದ್ದದ್ದು ಆಸ್ಬೆಸ್ಟಾಸ್. ನಾವು ಹುಡುಗರು ಅದೇ ಧೂಳಿನಲ್ಲಿ ನಿಂತು ನೋಡುತ್ತಿದ್ದೆವು. ಈಗ ಚಕ್ರದ ಸ್ಟ್ಯಾಂಡ್ ಬಂದಿದೆ, ಚೈನ್ ಪುಲ್ಲಿ ಇದೆ, ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಎಲ್ಲ ಶಹಾಪುರದಲ್ಲೇ ಸಿಗುತ್ತವೆ.

ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಯೋಜನೆ ಹಾಕಿದ್ದು ಕಡಿಮೆ ನೀರಿನ ಬೆಳೆಗೆ; ಜನ ಹಚ್ಚಿದ್ದು ಭತ್ತ. ಒಣ ಹೊಲದ ಟ್ರ್ಯಾಕ್ಟರುಗಳೇ ಕಬ್ಬಿಣದ ಕೇಜ್ ವೀಲ್ ಕಟ್ಟಿಕೊಂಡು ಕೆಸರಿಗೆ ಇಳಿದವು. ಒಳಗಿನದನ್ನು ಹೊರಬಿಡುತ್ತಿದ್ದ ಆ ತೂತು ಈಗ ಹೊರಗಿನ ನೀರನ್ನು ಒಳಗೆ ಬಿಟ್ಟುಕೊಂಡಿತು. ಗದ್ದೆಗೆ ಇಳಿಯುವಾಗ ಅದಕ್ಕೆ ಪ್ಲಗ್ ಹಾಕಬೇಕು, ಮೇಲೆ ಬಂದ ಮೇಲೆ ತೆಗೆಯಬೇಕು. ಹಾಕದಿದ್ದರೆ ಕೆಸರು ನೀರು ಪ್ಲೇಟಿಗೆ. ತೆಗೆಯದಿದ್ದರೆ ಸೋರಿದ ಎಣ್ಣೆ ಒಳಗೇ ನಿಂತು, ಅದೂ ಪ್ಲೇಟಿಗೇ. ನಾಟಿ ಮುಗಿದು ಗಾಡಿ ಶೆಡ್ಡಿನಲ್ಲಿ ಹಾಗೇ ನಿಂತರೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟುತ್ತದೆ. ಪೆಡಲ್ ತಳ ಮುಟ್ಟಿದರೂ ಗೇರ್ ಬೀಳುವುದಿಲ್ಲ.

ಜೊತೆಗೆ ದಿನಗೂಲಿ ಡ್ರೈವರುಗಳು ಬಂದರು. ಸಣ್ಣ ಮಡಿಯಲ್ಲಿ ಹಿಂದೆ ಮುಂದೆ ತಿರುಗಿಸುವಾಗ ಕಾಲು ಪೆಡಲ್ ಬಿಟ್ಟು ಏಳುವುದೇ ಇಲ್ಲ. ಇವತ್ತು ಒಬ್ಬ, ನಾಳೆ ಇನ್ನೊಬ್ಬ. ಪ್ಲಗ್ ಯಾರು ಹಾಕಿದರು, ಯಾರು ತೆಗೆದರು ಅಂತ ಮಾಲೀಕನಿಗೂ ತಿಳಿಯದು.

ಗ್ಯಾರೇಜುಗಳ ವೇಗವೂ ನಾಟಿಯ ಅವಸರಕ್ಕೆ ತಕ್ಕಂತೆ ಹೆಚ್ಚಿದೆ. ಜಾರುತ್ತದೆ ಅಂದರೆ ಸಾಕು, ಸಂಜೆಯೊಳಗೆ ಹೋಳು ಮಾಡಿ ಹೊಸ ಸೆಟ್ ಕೂರಿಸುತ್ತಾರೆ. ನಮ್ಮ ಪಕ್ಕದ ಹೊಲದವರ ಗಾಡಿ ಹಾಗೆ ಹೊಸ ಪ್ಲೇಟ್ ಹಾಕಿಸಿಕೊಂಡು ಬಂದು, ಅದೇ ಹಂಗಾಮಿನಲ್ಲಿ ಮತ್ತೆ ಜಾರಿತು. ಸೋರುತ್ತಿದ್ದ ಸೀಲನ್ನು ಯಾರೂ ಬದಲಿಸಿರಲಿಲ್ಲ. ಸೀಲಿನ ಬೆಲೆ ಪ್ಲೇಟಿನ ಮುಂದೆ ಏನೂ ಅಲ್ಲ. ಅದನ್ನು ಉಳಿಸಿದ್ದಕ್ಕೆ ಪ್ಲೇಟು, ಕೂಲಿ, ನಾಟಿಯ ದಿನ ಮೂರೂ ಎರಡೆರಡು ಸಲ ಹೋದವು.

ಈಗಲೂ ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರು ಬಿಚ್ಚಿದ ಪ್ಲೇಟನ್ನು ಗುಜರಿಗೆ ಹಾಕುವ ಮುಂಚೆ ಕೈಗೆತ್ತಿಕೊಂಡು ನೋಡಬೇಕು. ಒಣಗಿ ಸವೆದು ರಿವೆಟ್ ಕಂಡರೆ ಪೆಡಲ್ ಸಡಿಲು ನೋಡಿಸಿ, ಡ್ರೈವರನ ಜೊತೆ ಮಾತಾಡಬೇಕು. ಎಣ್ಣೆ ಕುಡಿದು ಮಿರುಗುತ್ತಿದ್ದರೆ ಸೀಲ್ ಹಾಕಿಸದೆ ಗಾಡಿ ಜೋಡಿಸಗೊಡಬಾರದು. ಕೆಸರು, ತುಕ್ಕು ಇದ್ದರೆ ಪ್ಲಗ್ ಎಲ್ಲಿದೆ ಅಂತ ಕೇಳಬೇಕು. ಎಷ್ಟೋ ಗಾಡಿಗಳಲ್ಲಿ ಅದು ಟೂಲ್ ಬಾಕ್ಸಿನಲ್ಲೂ ಇರುವುದಿಲ್ಲ.