ನಾಳೆ ಬಾ

ನಾವು ಉಪಾಧ್ಯಾಯವೃತ್ತಿಗೆ ಸೇರಿದ ಹೊಸತರಲ್ಲಿ, ಎಂದರೆ 1990ನೆಯ ಇಸವಿಯ ಸುಮಾರಿಗೆ, ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಎರಡು ವರ್ಷ ವಾಸವಾಗಿದ್ದೆವು. ಆ ಊರಿನ ಅನೇಕ ಮನೆಗಳ ಬಾಗಿಲ ಮೇಲೆ ಸುಣ್ಣದಿಂದಲೋ ಇದ್ದಲಿನಿಂದಲೋ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿಯಲ್ಲಿ ದೆವ್ವವು ಪರಿಚಿತರ ಕಂಠದಿಂದ ಬಾಗಿಲಲ್ಲಿ ನಿಂತು ಕೂಗುವುದೆಂದೂ, ಈ ಬರಹವನ್ನು ಓದಿಕೊಂಡು ಹಿಂದಿರುಗುವುದೆಂದೂ, ಮರುದಿನ ಬಂದರೂ ಅದೇ ಬರಹವನ್ನು ಕಾಣುವುದರಿಂದ ಅದಕ್ಕೆ ಒಳಗೆ ಬರುವ ದಿನವೇ ಒದಗದೆಂದೂ ಜನರ ನಂಬಿಕೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಸಂಸ್ಕೃತವನ್ನು ವ್ಯಾಸಂಗ ಮಾಡಿ, ನಾಲ್ಕು ಅಕ್ಷರ ಬಲ್ಲೆವೆಂಬ ಗರ್ವದಲ್ಲಿದ್ದ ನಾವು ಅದನ್ನು ನೋಡಿ ನಕ್ಕದ್ದುಂಟು.

ಈಗ ಅರುವತ್ತರ ಹೊಸ್ತಿಲಲ್ಲಿ ಕುಳಿತು ಯೋಚಿಸುವಾಗ ಆ ನಗು ಬಾರದು. ಆ ಹಳ್ಳಿಗರು ದೆವ್ವಕ್ಕೆ ಹೇಳಿದ ಮಾತನ್ನು ನಾವು ಮೂವತ್ತು ವರ್ಷಗಳ ಪರ್ಯಂತ ದೇವರಿಗೆ ಹೇಳುತ್ತ ಬಂದಿದ್ದೇವೆ. ವಾಚಕರಲ್ಲಿ ಯಾರಿಗಾದರೂ ಇದರಿಂದ ಪ್ರಯೋಜನವಾದೀತೆಂದು, ಸಂಕೋಚವನ್ನು ಬದಿಗಿಟ್ಟು ಇಲ್ಲಿ ನಿವೇದಿಸುತ್ತೇವೆ.

ದೇವರನ್ನೂ ಧನವನ್ನೂ ಕೂಡಿ ಸೇವಿಸುವುದು ಅಸಾಧ್ಯವೆಂದು ಯೇಸುಸ್ವಾಮಿಯು ಪರ್ವತಪ್ರಸಂಗದಲ್ಲಿ ಬೋಧಿಸಿದ್ದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಬಾಲ್ಯದಲ್ಲಿ ಇದನ್ನು ಓದಿದಾಗ ನಮಗೊಂದು ಸಂದೇಹವಿತ್ತು. ಬೆಳಗ್ಗೆ ಒಂದು ಅಂಗಡಿಯಲ್ಲಿ, ಸಂಜೆ ಇನ್ನೊಂದರಲ್ಲಿ ಲೆಕ್ಕ ಬರೆದು ಇಬ್ಬರು ಧಣಿಗಳಿಗೂ ಪ್ರಾಮಾಣಿಕರಾಗಿದ್ದ ಗುಮಾಸ್ತರು ನಮ್ಮ ಬೀದಿಯಲ್ಲಿಯೇ ಇದ್ದರಷ್ಟೆ? ಮುಂದೆ ಮೂಲವನ್ನು ವಿಚಾರಿಸಿದಾಗ ಸಂದೇಹವು ಪರಿಹಾರವಾಯಿತು. ಅಲ್ಲಿ ಸೇವೆಯೆಂಬುದಕ್ಕೆ ಬಳಸಿರುವ ಗ್ರೀಕ್ ಕ್ರಿಯಾಪದವು ‘ದೂಲೊಸ್’ ಎಂಬ ಪದದಿಂದ ಹುಟ್ಟಿದ್ದು. ದೂಲೊಸ್ ಎಂದರೆ ಕ್ರಯಕ್ಕೆ ಕೊಂಡ ದಾಸ. ನಮ್ಮ ಸಂಸ್ಕೃತದ ರೀತಿಯಲ್ಲಿ ಹೇಳುವುದಾದರೆ ಭೃತ್ಯನು ಬೇರೆ, ದಾಸನು ಬೇರೆ. ಭೃತ್ಯನು ಭರಣಕ್ಕಾಗಿ, ಎಂದರೆ ಹೊಟ್ಟೆಪಾಡಿಗಾಗಿ, ತನ್ನ ದಿನದ ಕೆಲವು ಗಳಿಗೆಗಳನ್ನು ಮಾರುವನು; ಉಳಿದ ಗಳಿಗೆಗಳು ಅವನವೇ. ದಾಸನಿಗೆ ಸ್ವಂತದ ಗಳಿಗೆಯೇ ಇಲ್ಲ. ಇಬ್ಬರ ಭೃತ್ಯನಾಗಬಹುದು, ಇಬ್ಬರ ದಾಸನಾಗುವುದು ಹೇಗೆ? ಧನವೆಂಬುದಕ್ಕೆ ಅಲ್ಲಿರುವ ‘ಮಾಮೋನ’ ಎಂಬ ಪದವಾದರೋ ಅರಾಮಿಕ ಭಾಷೆಯದು. ಗ್ರೀಕಿನಲ್ಲಿ ಬರೆದವರು ಅದನ್ನು ಭಾಷಾಂತರಿಸದೆ, ಒಬ್ಬ ಒಡೆಯನ ಹೆಸರೋ ಎಂಬಂತೆ, ಹಾಗೆಯೇ ಉಳಿಸಿಕೊಂಡರು.

ಈ ಅರ್ಥವನ್ನು ನಾವು ತರಗತಿಯಲ್ಲಿಯೂ ಸಭೆಯಲ್ಲಿಯೂ ಎಷ್ಟೋ ಸಲ ವಿವರಿಸಿ ಮೆಚ್ಚಿಗೆಯನ್ನು ಪಡೆದೆವು. ಅರ್ಥವನ್ನು ಬಲ್ಲವನು ಆಚರಣೆಯನ್ನೂ ಬಲ್ಲವನೆಂದು ಭ್ರಮಿಸುವುದು ಪಂಡಿತವರ್ಗಕ್ಕೆ ಸಹಜವಾದ ದೋಷವಾಗಿದೆ.

ಮದುವೆಯಾದ ಹೊಸತರಲ್ಲಿ ಜಾನ್ ವೆಸ್ಲಿಯ (1703–1791) ಒಂದು ಪ್ರಸಂಗವು ನಮ್ಮ ಕೈಗೆ ಬಂತು. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನು ಅವನು ಅದರಲ್ಲಿ ಕೊಟ್ಟಿರುವನು. ಆ ಯುವಕನು ವೆಸ್ಲಿಯೇ ಎಂದು ಅನೇಕರ ಅಭಿಪ್ರಾಯ. ಮೊದಲನೆಯ ವರ್ಷ ಅವನಿಗೆ ಬಂದದ್ದು 30 ಪೌಂಡು. 28ರಲ್ಲಿ ಜೀವಿಸಿ 2 ಪೌಂಡನ್ನು ದಾನಮಾಡಿದನು. ಮರುವರ್ಷ 60 ಬಂತು. ಆಗಲೂ 28ರಲ್ಲಿಯೇ ಜೀವಿಸಿ 32ನ್ನು ಕೊಟ್ಟನು. ಮೂರನೆಯ ವರ್ಷ 90 ಬಂದಾಗ 62ನ್ನೂ, ನಾಲ್ಕನೆಯ ವರ್ಷ 120 ಬಂದಾಗ 92ನ್ನೂ ಕೊಟ್ಟನು. ಇದನ್ನು ಓದಿದ ರಾತ್ರಿ ನಾವಿಬ್ಬರೂ ಮೊಣಕಾಲೂರಿ, ಬೆಲೆಯೇರಿಕೆಗೆ ತಕ್ಕಷ್ಟನ್ನು ಬಿಟ್ಟು ನಮ್ಮ ಖರ್ಚನ್ನು ಹೆಚ್ಚಿಸುವುದಿಲ್ಲವೆಂದೂ, ಮಿಕ್ಕುದನ್ನು ಬಡಮಕ್ಕಳ ಓದಿಗೆ ಕೊಡುವೆವೆಂದೂ ಸಂಕಲ್ಪ ಮಾಡಿದೆವು.

ಆ ಸಂಕಲ್ಪವು ಮೂರು ವರ್ಷ ನಡೆಯಿತು. ಬಳಿಕ ಮಗನು ಹುಟ್ಟಿದನು. ಅವನು ಸ್ವಲ್ಪ ದೊಡ್ಡವನಾಗಲಿ ಎಂದೆವು. ಆಮೇಲೆ ಅವನ ಓದು ಮುಗಿಯಲಿ ಎಂದೆವು. ಆಮೇಲೆ ಮನೆಯ ಸಾಲ ತೀರಲಿ, ಆಮೇಲೆ ನಿವೃತ್ತಿಯ ಹಣ ಕೈಸೇರಲಿ ಎಂದೆವು. ಈ ಕಾರಣಗಳಲ್ಲಿ ಒಂದಾದರೂ ಸುಳ್ಳಲ್ಲ; ಪ್ರತಿಯೊಂದೂ ಗೃಹಸ್ಥಧರ್ಮಕ್ಕೆ ಒಪ್ಪುವಂಥದೇ. ಆದರೆ ಸಾಲಾಗಿ ಜೋಡಿಸಿ ಓದಿದರೆ ಅವೆಲ್ಲವೂ ಸೇರಿ ‘ನಾಳೆ ಬಾ’ ಎಂಬ ಒಂದೇ ವಾಕ್ಯವಾಗುವುದು. ಉತ್ತರ ಆಫ್ರಿಕದಲ್ಲಿ 354ನೆಯ ಇಸವಿಯಲ್ಲಿ ಜನಿಸಿದ ಅಗಸ್ಟೀನನು, ಯೌವನದಲ್ಲಿ ತಾನು ದೇವರಲ್ಲಿ ಶುದ್ಧಜೀವನವನ್ನು ಬೇಡುತ್ತಲೇ ಅದನ್ನು ಈಗಲೇ ಕೊಡಬೇಡವೆಂದೂ ಸೇರಿಸುತ್ತಿದ್ದುದಾಗಿ ತನ್ನ ಆತ್ಮನಿವೇದನೆಯಲ್ಲಿ ಒಪ್ಪಿಕೊಂಡಿರುವನು. ಅವನು ಹಾಗೆ ಬಾಯಿಬಿಟ್ಟು ಹೇಳಿದನು. ನಾವು ಹೇಳದೆಯೇ ನಡೆಸಿದೆವು.

ಸೌಖ್ಯವೇ ಪಾಪವೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಮುತ್ತಜ್ಜಂದಿರು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಸ್ಥಾಪಿಸಿದ ಹಂಚಿನ ಕಾರ್ಖಾನೆಯಲ್ಲಿ ಕೂಲಿಯಾಗಿದ್ದರು. ಹೊಸ ಮತವನ್ನು ಸ್ವೀಕರಿಸಿದವರು ಜಾತಿಯನ್ನೂ ಅದರೊಡನೆ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆಯನ್ನೂ ಹಂಚಿನ ಕೆಲಸವನ್ನೂ ಮಿಷನ್ನಿನವರು ಆರಂಭಿಸಿದರು. ಮಳೆ ಸೋರುವ ಮುಳಿಹುಲ್ಲಿನ ಮಾಡಿನಿಂದ ಹಂಚಿನ ಮಾಡಿಗೆ ಬಂದ ಸಂಸಾರವು ದೇವರನ್ನು ಕೊಂಡಾಡಿದ್ದರಲ್ಲಿ ತಪ್ಪೇನು? ಆದರೆ ವೆಸ್ಲಿಯು ಮುಪ್ಪಿನಲ್ಲಿ, 1786ರಲ್ಲಿ, ಒಂದು ಕಳವಳವನ್ನು ಬರೆದಿಟ್ಟಿರುವನು. ಭಕ್ತಿಯಿಂದ ದುಡಿಮೆಯೂ ಮಿತವ್ಯಯವೂ ಹುಟ್ಟುವುವು; ಅವುಗಳಿಂದ ಐಶ್ವರ್ಯವು ಹುಟ್ಟುವುದು; ಐಶ್ವರ್ಯವು ಬೆಳೆದಷ್ಟೂ ಭಕ್ತಿಯು ಕ್ಷಯಿಸುವುದು; ಕೊಡುವುದೊಂದೇ ಇದಕ್ಕೆ ಪರಿಹಾರ—ಇದು ಅವನ ತಾತ್ಪರ್ಯ. ಹಂಚಿನ ಮಾಡಿನ ಕೆಳಗೆ ಓದಿ, ಸಂಬಳ ತಂದು, ತಾರಸಿಮನೆ ಕಟ್ಟಿದ ನಮ್ಮ ನಾಲ್ಕು ತಲೆಮಾರುಗಳ ಚರಿತ್ರೆಯನ್ನು ಅವನು ಮೊದಲೇ ಓದಿದ್ದನೋ ಎಂಬಂತಿದೆ.

ಇನ್ನು ಪ್ರಕೃತಕ್ಕೆ ಬರೋಣ. 2024ರಲ್ಲಿ ನಮಗೆ ನಿವೃತ್ತಿಯಾಗಿ ಒಟ್ಟು ಹಣವು ಕೈಗೆ ಬಂತು. ಮನೆಯ ಚಾವಡಿಯ ಕೆಂಪು ನೆಲವು ಅಲ್ಲಲ್ಲಿ ಬಿರುಕುಬಿಟ್ಟಿದ್ದುದರಿಂದ ಗ್ರಾನೈಟು ಹಾಸಲು ತೊಡಗಿದೆವು. ಒಂದು ಮಧ್ಯಾಹ್ನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯು ಬಂದರು. ಅವರು ವಿಧವೆ; ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಮಗಳನ್ನು ಓದಿಸಿದವರು. ಆ ಹುಡುಗಿಯು ಸಂಸ್ಕೃತದಲ್ಲಿ ನಮಗೆ ಹೆಮ್ಮೆ ತಂದ ಶಿಷ್ಯೆ. ಹೊಸ ನೆಲವು ಇನ್ನೂ ಹಸಿಯಾಗಿದ್ದುದರಿಂದ ಆಕೆ ಹೊಸ್ತಿಲಿನ ಹೊರಗೇ ನಿಂತು ಹೇಳಿದರು:

“ಮಾಸ್ಟ್ರೇ, ಮಗಳಿಗೆ ನರ್ಸಿಂಗಿಗೆ ಸೀಟು ಸಿಕ್ಕಿದೆ. ಹದಿನೈದು ಸಾವಿರ ಕಡಿಮೆ ಬಿದ್ದಿದೆ. ಸಾಲವಾಗಿ ಕೊಟ್ಟರೆ ತಿಂಗಳು ತಿಂಗಳು ತೀರಿಸುತ್ತೇನೆ.”

“ಈಗ ಮನೆಯ ಕೆಲಸ ಹಿಡಿದಿದೆಯಮ್ಮಾ, ಕೈ ಬಿಗಿಯಾಗಿದೆ. ಮುಂದಿನ ತಿಂಗಳು ನೋಡೋಣ. ಪ್ರಾರ್ಥನೆಯಂತೂ ಮಾಡುತ್ತೇವೆ” ಎಂದೆವು.

“ಆಗಲಿ ಮಾಸ್ಟ್ರೇ, ನಿಮ್ಮ ಪ್ರಾರ್ಥನೆ ಇದ್ದರೆ ಸಾಕು” ಎಂದು ಆಕೆ ಕೈಮುಗಿದು ಹೊರಟರು.

ಅವರು ಗೇಟು ದಾಟುವಷ್ಟರಲ್ಲಿ ಮೇಸ್ತ್ರಿಯು ನಮ್ಮ ಬಳಿಗೆ ಬಂದು, ನೆಲದ ಸುತ್ತಲೂ ಕಪ್ಪು ಕಲ್ಲಿನ ಪಟ್ಟಿ ಹಾಕಿದರೆ ಚಂದವೆಂದೂ, ಹದಿನೆಂಟು ಸಾವಿರ ಹೆಚ್ಚಾಗುವುದೆಂದೂ ಹೇಳಿದನು. “ಹಾಕಿ” ಎಂದೆವು. ಅವನಿಗೆ ‘ಮುಂದಿನ ತಿಂಗಳು’ ಎನ್ನಬೇಕೆಂದು ನಮಗೆ ತೋರಲೇ ಇಲ್ಲ.

ಹಿತ್ತಿಲಿನಿಂದ ಬಂದ ನಮ್ಮ ಮನೆಯವರು, “ಯಾರೋ ಬಂದಿದ್ದರಲ್ಲ, ಏನಂತೆ?” ಎಂದು ಕೇಳಿದರು. “ಮಗಳ ಓದಿನ ವಿಷಯ; ಪ್ರಾರ್ಥನೆ ಮಾಡಬೇಕಂತೆ” ಎಂದೆವು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ನಮ್ಮಲ್ಲಿ ರಾತ್ರಿಯ ಪ್ರಾರ್ಥನೆಗೆ ಮುನ್ನ ಸತ್ಯವೇದದ ಒಂದೊಂದು ಅಧ್ಯಾಯವನ್ನು ಕ್ರಮವಾಗಿ ಓದುವ ಪದ್ಧತಿಯಿದೆ. ಅಂದಿನ ಪಾಳಿ ಮನೆಯವರದು. ಬಂದದ್ದು ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯ. ಅನನೀಯನೆಂಬವನು ಹೆಂಡತಿಯ ಸಮ್ಮತಿಯಿಂದ ಭೂಮಿಯನ್ನು ಮಾರಿ, ಕ್ರಯದಲ್ಲಿ ಸ್ವಲ್ಪವನ್ನು ಬಚ್ಚಿಟ್ಟುಕೊಂಡು, ಎಲ್ಲವೂ ಇಷ್ಟೇ ಎಂಬಂತೆ ಅಪೊಸ್ತಲರ ಪಾದದಲ್ಲಿಟ್ಟು, ಅಲ್ಲಿಯೇ ಬಿದ್ದು ಸತ್ತ ಕಥೆ. ಇದು ಅತಿಕಠೋರವಾದ ದಂಡನೆಯೆಂದು ನಾವು ಮೊದಲು ಎಣಿಸಿದ್ದೆವು. ಪೇತ್ರನ ಮಾತನ್ನು ಅಂದು ಗಮನವಿಟ್ಟು ಕೇಳಿದೆವು. ಮಾರುವ ಮೊದಲು ಭೂಮಿಯೂ ಮಾರಿದ ಮೇಲೆ ಹಣವೂ ಅನನೀಯನ ಅಧೀನದಲ್ಲಿಯೇ ಇದ್ದವೆಂದು ಪೇತ್ರನು ಒಪ್ಪುತ್ತಾನೆ. ದೋಷವಿದ್ದುದು ಇಟ್ಟುಕೊಂಡುದರಲ್ಲಿ ಅಲ್ಲ. ಪಾಲನ್ನು ತಂದು ಪೂರ್ಣವೆಂದು ತೋರಿಸಿದುದರಲ್ಲಿ. ಗಂಡನ ಮಾತನ್ನೇ ಹೆಂಡತಿಯೂ ಹೇಳಿ ಸತ್ತ ಭಾಗಕ್ಕೆ ಬಂದಾಗ ನಮಗೆ ಮೈ ಜುಮ್ಮೆಂದಿತು. ನಮ್ಮ ಅರ್ಧಸತ್ಯವನ್ನು ನಂಬಿ, ಏನೂ ಅರಿಯದೆ, ಅದನ್ನು ಓದುತ್ತಿದ್ದವರು ನಮ್ಮ ಮನೆಯವರೇ.

ಆದರೂ ನಾವು ಮರುದಿನವೇ ಎದ್ದು ಹೋಗಲಿಲ್ಲ. ಠೇವಣಿಯ ಬಡ್ಡಿ ಬರಲಿ ಎಂದು ಇನ್ನೂ ಒಂಬತ್ತು ದಿನ ಕಾದೆವು. ಹತ್ತನೆಯ ದಿನ ಮನೆಯವರಿಗೆ ಎಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಿದ್ದರೆ ನನ್ನ ಬಳೆ ಇರಲಿಲ್ಲವೇ?” ಎಂದರು. ಇಬ್ಬರೂ ಹೊರಟೆವು. ಆ ತಾಯಿಯ ಕಿವಿಯಲ್ಲಿ ಬೆಂಡೋಲೆಯಿರಲಿಲ್ಲ. ಅದನ್ನು ಅಡವಿಟ್ಟು ಮಗಳನ್ನು ಸೇರಿಸಿ ಬಂದಿದ್ದರು. ಚಹಾ ಕೊಡುತ್ತ, “ದೇವರು ನಡೆಸಿದ ಮಾಸ್ಟ್ರೇ, ನಿಮ್ಮ ಪ್ರಾರ್ಥನೆಯ ಫಲ” ಎಂದರು.

ನಾವು ಆ ಪ್ರಾರ್ಥನೆಯನ್ನೂ ಮಾಡಿರಲಿಲ್ಲ. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಬೆಂಡೋಲೆಯನ್ನು ಬಿಡಿಸಲೆಂದು ಕೊಟ್ಟ ಹಣವನ್ನು ಅವರು ಸಾಲವೆಂದೇ ಸ್ವೀಕರಿಸಿ, ತಿಂಗಳಿಗೆ ಐನೂರರಂತೆ ತಂದುಕೊಡುತ್ತಿರುವರು. ಬೇಡವೆಂದರೆ ನೊಂದುಕೊಳ್ಳುವರು. ಮನೆಯವರು ಅದನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು, ಅದಕ್ಕೆ ನಮ್ಮ ಪಿಂಚಣಿಯ ಒಂದು ಪಾಲನ್ನು, ಬೇರೆ ಖರ್ಚಿಗೆ ಕೈಹಾಕುವ ಮೊದಲು, ತಿಂಗಳ ಒಂದನೆಯ ತಾರೀಕಿನಂದೇ ಸೇರಿಸುವರು. ಮುಂದೆ ಹೊಸ್ತಿಲಿಗೆ ಬರುವವರಿಗಾಗಿ ಅದು ಸಿದ್ಧವಾಗಿರಬೇಕೆಂದು ಅವರ ಕಟ್ಟಳೆ.

ಇದರಿಂದ ನಾವು ಗೆದ್ದೆವೆಂದು ಭಾವಿಸಬಾರದು. ಕಠೋಪನಿಷತ್ತಿನ ನಚಿಕೇತನು ಯಮನು ಒಡ್ಡಿದ ಭೋಗಗಳನ್ನು, ನಾಳೆಗೆ ಇರುವುವೋ ಇಲ್ಲವೋ ಎಂಬಂಥವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದನು. ಅದನ್ನು ಪಾಠ ಹೇಳಿದ ನಮಗೆ ಆ ಬಾಲಕನ ಧೈರ್ಯವಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಬರುವ, ಬಹಳ ಆಸ್ತಿಯುಳ್ಳವನಾದುದರಿಂದ ದುಃಖಪಟ್ಟುಕೊಂಡು ಹೊರಟುಹೋದ ಆ ಮನುಷ್ಯನೇ ನಮಗೆ ಹತ್ತಿರದ ನೆಂಟನು. ಅವನನ್ನು ಯೇಸುಸ್ವಾಮಿಯು ದೃಷ್ಟಿಸಿ ನೋಡಿ ಪ್ರೀತಿಸಿದನೆಂದು ಮಾರ್ಕನು ಮಾತ್ರ ಬರೆದಿರುವನು. ಆ ಒಂದು ಮಾತಿನ ಆಧಾರದಿಂದಲೇ ನಾವು ಈಗಲೂ ಮೊಣಕಾಲೂರುವುದು.

ನಾವು ಯಾರ ದಾಸರೆಂಬುದನ್ನು ತಿಳಿಯಲು ದೊಡ್ಡ ಪರೀಕ್ಷೆಯೇನೂ ಬೇಕಾಗಿಲ್ಲ. ದೇವರೂ ಸೌಖ್ಯವೂ ಒಂದೇ ಗಳಿಗೆಯಲ್ಲಿ ಕರೆದಾಗ ಯಾರಿಗೆ ‘ನಾಳೆ ಬಾ’ ಎನ್ನುತ್ತೇವೆಯೋ ನೋಡಿಕೊಂಡರೆ ಸಾಕು. ನಮ್ಮ ಚಾವಡಿಯ ನೆಲದ ಸುತ್ತಲೂ ಕಪ್ಪು ಪಟ್ಟಿಯು ಬಹಳ ಚಂದವಾಗಿ ಬಂದಿದೆ, ಬಂದವರೆಲ್ಲರೂ ಹೊಗಳುವರು. ದಿನವೂ ಬೆಳಗ್ಗೆ ಪ್ರಾರ್ಥನೆಗೆ ತಲೆಬಾಗಿದಾಗ ನಮ್ಮ ಕಣ್ಣಿಗೆ ಮೊದಲು ಬೀಳುವುದು ಅದೇ.