ಮೊದಲ ಸೂರು, ಸರಕಾರದ ನೆರವು ಮತ್ತು ನಮ್ಮ ಅಮಾನತ್ತು

ಮನುಷ್ಯನಿಗೆ ದೊರೆತ ಅನುಗ್ರಹಗಳನ್ನು ಎಣಿಸುವಾಗ ಪವಿತ್ರ ಕುರ್‌ಆನ್ ಮನೆಯನ್ನೂ ಹೆಸರಿಸುತ್ತದೆ. ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತವು ಅದನ್ನು ನೆಮ್ಮದಿಯ ತಾಣವೆಂದು ಪರಿಚಯಿಸುತ್ತದೆ. ಅಲ್ಲಿ ಬಂದಿರುವ ‘ಸಕನ್’ ಎಂಬ ಪದದ ಧಾತುವಿನಿಂದಲೇ ವಾಸಸ್ಥಳವೆಂಬ ಅರ್ಥದ ‘ಮಸ್ಕನ್’ ಬಂದಿದೆ. ನಿರ್ಗತಿಕನೆಂಬ ಅರ್ಥದ ‘ಮಿಸ್ಕೀನ್’ ಕೂಡ ಅದೇ ಧಾತುವಿನದು. ವಿಶಾಲವಾದ ಮನೆಯು ಸೌಭಾಗ್ಯದ ಕುರುಹುಗಳಲ್ಲೊಂದು ಎಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಧರ್ಮಶಾಸ್ತ್ರ ಪಂಡಿತರು ವಾಸದ ಮನೆಯನ್ನು ಮೂಲಭೂತ ಅಗತ್ಯಗಳಲ್ಲಿ ಸೇರಿಸಿ, ಅದರ ಮೇಲೆ ಝಕಾತ್ ಇಲ್ಲವೆಂದಿದ್ದಾರೆ. ಆದುದರಿಂದ ಸ್ವಂತ ಸೂರಿಗಾಗಿ ಹಂಬಲಿಸುವುದನ್ನು ಇಹಲೋಕದ ವ್ಯಾಮೋಹವೆಂದು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮದ್ರಸದಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಇಂದಿಗೂ ಬಾಡಿಗೆ ಮನೆಯಲ್ಲಿದ್ದೇನೆ. ಆ ಹಂಬಲ ಏನೆಂಬುದು ನನಗೆ ಗೊತ್ತು. ಕನ್ನಡದಲ್ಲಿ ಪದವಿ ಪಡೆದವನೆಂಬ ಕಾರಣಕ್ಕೆ ಮಕ್ಕಳ ಹೆತ್ತವರು ಅರ್ಜಿ ಬರೆಸಲು ನನ್ನ ಬಳಿ ಬರುತ್ತಾರೆ. ವಸತಿ ಯೋಜನೆಯ ಅರ್ಜಿಯಾದರೆ ಅದರ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ: “ಉಸ್ತಾದರೇ, ಸರಕಾರ ಮನೆಗೆಂದು ಕೊಡುವ ಈ ಹಣ ನಮಗೆ ಹಲಾಲೇ?”

ಈ ಪ್ರಶ್ನೆಗೆ ನಮ್ಮ ನಡುವೆ ಎರಡು ಸಿದ್ಧ ಉತ್ತರಗಳಿವೆ. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕುವ ವಿಧವೆಯೊಬ್ಬರು ಹಲವು ವರ್ಷ ಅರ್ಜಿಯನ್ನೇ ಹಾಕಿರಲಿಲ್ಲ. ‘ಸರಕಾರದ ಮನೆಯೆಂದರೆ ಬಡ್ಡಿಯ ಮನೆ’ ಎಂದು ಬಂಧುವೊಬ್ಬರು ಅವರನ್ನು ಹೆದರಿಸಿದ್ದರು. ಇನ್ನೊಂದೆಡೆ, ಸರಕಾರವೇ ಕೊಡುವಾಗ ಕೇಳುವುದೇನಿದೆ ಎಂದು ಬ್ಯಾಂಕಿನ ಸಾಲಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುವವರಿದ್ದಾರೆ. ಇಬ್ಬರೂ ಯೋಜನೆಯನ್ನು ಓದಿಲ್ಲ. ಓದಿದರೆ ‘ಸರಕಾರದ ನೆರವು’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಸ್ತುಗಳಿವೆಯೆಂದು ತಿಳಿಯುತ್ತದೆ. ಒಂದು ಸಹಾಯಧನ, ಇನ್ನೊಂದು ಬಡ್ಡಿ ರಿಯಾಯಿತಿ. ಇವೆರಡರ ವಿಧಿಯೂ ಒಂದೇ ಅಲ್ಲ.

ಮೊದಲು ಸಹಾಯಧನದ ವಿಚಾರ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆ ಕಟ್ಟಿಕೊಳ್ಳಲು ಬಯಲು ಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡು ಪ್ರದೇಶಗಳಲ್ಲಿ 1.30 ಲಕ್ಷ ರೂಪಾಯಿ ದೊರೆಯುತ್ತದೆ. ನಗರಗಳಿಗಾಗಿ 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಎರಡನೇ ಆವೃತ್ತಿಯಲ್ಲಿ ಸ್ವಂತ ನಿವೇಶನದಲ್ಲಿ ಮನೆ ಕಟ್ಟುವ ಬಡ ಕುಟುಂಬಕ್ಕೆ ನಮ್ಮಂತಹ ರಾಜ್ಯಗಳಲ್ಲಿ ಕೇಂದ್ರದ ಪಾಲು 1.50 ಲಕ್ಷ, ರಾಜ್ಯದ ಪಾಲು ಕನಿಷ್ಠ 1 ಲಕ್ಷ. ಕರ್ನಾಟಕದಲ್ಲಿ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಸವ ವಸತಿ, ದೇವರಾಜ ಅರಸು ವಸತಿ ಮುಂತಾದ ಯೋಜನೆಗಳೂ ನಡೆಯುತ್ತಿವೆ. ಇವೆಲ್ಲವೂ ಮರಳಿ ಕೊಡಬೇಕಿಲ್ಲದ ಹಣ. ಸಾಲವೇ ಇಲ್ಲದಿರುವಲ್ಲಿ ಬಡ್ಡಿಯ ಮಾತೇ ಹುಟ್ಟುವುದಿಲ್ಲ.

ಪ್ರಜೆಗಳ ತೆರಿಗೆಯಿಂದ ತುಂಬುವ ಬೊಕ್ಕಸದಲ್ಲಿ ಮನೆಯಿಲ್ಲದ ಪ್ರಜೆಗೆ ಹಕ್ಕಿದೆ. ಇದು ಇಸ್ಲಾಮಿಗೆ ಹೊಸ ವಿಚಾರವಲ್ಲ. ಸಾರ್ವಜನಿಕ ಕೆಲಸಕ್ಕೆ ನೇಮಕಗೊಂಡವನಿಗೆ ವಾಸಿಸಲು ಮನೆಯಿಲ್ಲದಿದ್ದರೆ ಆತ ಅದನ್ನು ಹೊಂದಬಹುದು, ಅದಕ್ಕಿಂತ ಹೆಚ್ಚು ಪಡೆದರೆ ಆತ ವಂಚಕನೆನಿಸುತ್ತಾನೆ ಎಂಬ ಆಶಯದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಅದು ಅಧಿಕಾರಿಗಳನ್ನು ಕುರಿತ ವಚನ ನಿಜ. ಆದರೆ ಬೊಕ್ಕಸದ ಹಣಕ್ಕೂ ಮನೆಗೂ ಇರುವ ಸಂಬಂಧದ ತತ್ವ ಅದರಲ್ಲಿ ಸ್ಪಷ್ಟವಾಗಿದೆ: ಇಲ್ಲದವನಿಗೆ ಒಂದು ಮನೆಯವರೆಗೆ ಅವಕಾಶ, ಅದರಾಚೆಗೆ ವಂಚನೆ. ಆ ವಿಧವೆಗೆ ನಾನು ಇದನ್ನೇ ವಿವರಿಸಿ, ಗ್ರಾಮಸಭೆಗೆ ತಪ್ಪದೆ ಹೋಗಬೇಕೆಂದು ಹೇಳಿ ಅರ್ಜಿ ಬರೆದುಕೊಟ್ಟೆ.

ಎರಡನೆಯದು ಬಡ್ಡಿ ರಿಯಾಯಿತಿ. 2015ರಲ್ಲಿ ಆರಂಭವಾದ ನಗರ ಯೋಜನೆಯಲ್ಲಿ, ಬಡ ಹಾಗೂ ಕಡಿಮೆ ಆದಾಯದ ಕುಟುಂಬಗಳ ಗೃಹಸಾಲದ ಮೊದಲ 6 ಲಕ್ಷಕ್ಕೆ ಶೇಕಡಾ 6.5ರ ರಿಯಾಯಿತಿಯಿತ್ತು. ಆ ವ್ಯವಸ್ಥೆ 2022ರ ಮಾರ್ಚ್ 31ಕ್ಕೆ ಮುಗಿಯಿತು. ಈಗಿನ ಎರಡನೇ ಆವೃತ್ತಿಯ ನಿಯಮ ಹೀಗಿದೆ: ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ಮೀರಬಾರದು, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು, ಸಾಲದ ಮೊದಲ 8 ಲಕ್ಷಕ್ಕೆ 12 ವರ್ಷಗಳವರೆಗೆ ಶೇಕಡಾ 4ರ ರಿಯಾಯಿತಿ. ಈ ನೆರವು ಗರಿಷ್ಠ 1.80 ಲಕ್ಷ ರೂಪಾಯಿಯಾಗಿದ್ದು, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆ.

ಇಲ್ಲಿ ಲೆಕ್ಕವನ್ನು ನಾವೇ ಮಾಡಿ ನೋಡಬೇಕು. 8 ಲಕ್ಷ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ 12 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 9,100 ರೂಪಾಯಿ. 144 ಕಂತುಗಳಿಗೆ 13 ಲಕ್ಷದ ಮೇಲಾಯಿತು. ಅದರಲ್ಲಿ ಬಡ್ಡಿಯೇ 5 ಲಕ್ಷಕ್ಕಿಂತ ಹೆಚ್ಚು. ಸರಕಾರದ 1.80 ಲಕ್ಷ ಅಸಲಿಗೆ ಜಮೆಯಾಗಿ ಮುಂದಿನ ಬಡ್ಡಿ ಇಳಿಯುತ್ತದೆ ಎಂಬುದನ್ನು ಹಿಡಿದರೂ, ಪಡೆದ 8 ಲಕ್ಷಕ್ಕಿಂತ ಹೆಚ್ಚೇ ಕಟ್ಟಬೇಕಾಗುತ್ತದೆ. ಸಾಲ 25 ಲಕ್ಷವಾದರೆ ಅಂತರ ಇನ್ನೂ ಹಿರಿದು. ಸಹಾಯಧನ ಸೇರಿದ ಸಾಲದಲ್ಲಿ ಒಟ್ಟು ಮರುಪಾವತಿಯು ಪಡೆದ ಮೊತ್ತವನ್ನು ಮೀರದಿದ್ದರೆ ಅದನ್ನು ಬಡ್ಡಿಯೆನ್ನಲಾಗದು ಎಂದು ಅಭಿಪ್ರಾಯಪಟ್ಟ ವಿದ್ವಾಂಸರಿದ್ದಾರೆ. ಆ ಅಭಿಪ್ರಾಯವನ್ನು ಒಪ್ಪಿದರೂ ಈ ಲೆಕ್ಕಕ್ಕೆ ಅದು ಅನ್ವಯವಾಗದು. ರಿಯಾಯಿತಿ ಬಡ್ಡಿಯ ಭಾರವನ್ನು ಇಳಿಸುತ್ತದೆ, ಬಡ್ಡಿಯನ್ನು ಇಲ್ಲವಾಗಿಸುವುದಿಲ್ಲ.

ವಿದ್ವಾಂಸರಲ್ಲಿ ಇನ್ನೊಂದು ಅಭಿಪ್ರಾಯವೂ ಇದೆ. ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯು 1999ರಲ್ಲಿ ಅಲ್ಲಿನ ಮುಸ್ಲಿಮರಿಗೆ ವಾಸದ ಮನೆಗಾಗಿ ಬ್ಯಾಂಕ್ ಸಾಲಕ್ಕೆ ನಿಬಂಧನೆಗಳೊಂದಿಗೆ ವಿನಾಯಿತಿ ನೀಡಿತು. ಬೇರೆ ದಾರಿಯಿರಬಾರದು, ಸ್ವತಃ ವಾಸಿಸುವ ಮನೆಯಾಗಿರಬೇಕು, ಬೇರೆ ಮನೆಯಿರಬಾರದು ಎಂಬುವು ಆ ನಿಬಂಧನೆಗಳು. ಅನೇಕ ಪಂಡಿತರು ಇದನ್ನು ಒಪ್ಪಲಿಲ್ಲ. ನಾನೂ ಈ ವಿನಾಯಿತಿಯ ಬಾಗಿಲಿನಿಂದ ಒಳಹೋಗಲು ಮನಸ್ಸು ಮಾಡಿಲ್ಲ. ಬಾಡಿಗೆಗೆ ಮನೆ ಸಿಗುವವರೆಗೆ ನನ್ನದು ಕಷ್ಟವೇ ಹೊರತು ಅನಿವಾರ್ಯತೆಯಲ್ಲ. ಆದರೆ ಮುಸ್ಲಿಮನೆಂಬ ಕಾರಣಕ್ಕೆ ಬಾಡಿಗೆಯೂ ಸಿಗದೆ ಅಲೆಯುವ ಕುಟುಂಬದ ಸ್ಥಿತಿಯನ್ನು ನನ್ನ ಸ್ಥಿತಿಯಿಂದ ಅಳೆಯಲು ನನಗೆ ಅಧಿಕಾರವಿಲ್ಲ. ಅಂಥವರು ತಮ್ಮ ಆದಾಯ, ಕುಟುಂಬದ ಪರಿಸ್ಥಿತಿ, ಸಾಲದ ಷರತ್ತುಗಳೆಲ್ಲವನ್ನೂ ನಂಬಿಕಸ್ಥ ವಿದ್ವಾಂಸರ ಮುಂದಿಟ್ಟು ಕೇಳಲಿ. ಕಟ್ಟಡದ ಮಾಲಕರೊಂದಿಗೇ ಮೊದಲೇ ಬೆಲೆ ನಿಗದಿಪಡಿಸಿ, ತಡವಾದರೆ ಹೆಚ್ಚುವರಿ ಹಣವಿಲ್ಲವೆಂಬ ಕರಾರಿನಲ್ಲಿ ಕಂತಿನ ವ್ಯಾಪಾರ ಮಾಡಿಕೊಳ್ಳುವ ದಾರಿಯನ್ನೂ ಒಮ್ಮೆ ವಿಚಾರಿಸಿ ನೋಡಲಿ.

ಬಡ್ಡಿಯ ಬಗ್ಗೆ ಇಷ್ಟು ಎಚ್ಚರ ವಹಿಸುವ ನಾವು ಅರ್ಜಿಯ ಇನ್ನೊಂದು ಸಾಲನ್ನು ಮರೆಯುತ್ತೇವೆ. ಕುಟುಂಬದ ಯಾರ ಹೆಸರಿನಲ್ಲೂ ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆಯಿಲ್ಲವೆಂದು ಅರ್ಜಿದಾರರು ಘೋಷಿಸಬೇಕು. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು. ನಗರ ಯೋಜನೆಯ ಎರಡನೇ ಆವೃತ್ತಿಯಲ್ಲಿ, ಕಳೆದ 20 ವರ್ಷಗಳಲ್ಲಿ ಯಾವುದೇ ಸರಕಾರಿ ವಸತಿ ಯೋಜನೆಯ ಮನೆ ಪಡೆದವರಿಗೂ ಅರ್ಹತೆಯಿಲ್ಲ. ನನಗೆ ಆತ್ಮೀಯರಾದವರೊಬ್ಬರು ಇಂಥದೇ ಅರ್ಜಿ ಹಿಡಿದು ಬಂದರು. ಅವರ ಪತ್ನಿಗೆ ತವರಿನಿಂದ ಬಂದ ತಾರಸಿ ಮನೆಯೊಂದು ಬೇರೆ ಊರಿನಲ್ಲಿದ್ದು, ಅದರಿಂದ ಬಾಡಿಗೆ ಬರುತ್ತಿತ್ತು. “ನನ್ನ ಹೆಸರಿನಲ್ಲಿ ಇಲ್ಲವಲ್ಲ ಉಸ್ತಾದ್, ಬರೆದರೆ ಸುಳ್ಳಾಗುವುದಿಲ್ಲ” ಎಂದರು. ಕುಟುಂಬವೆಂಬ ಪದದ ಅರ್ಥವನ್ನು ಅರ್ಜಿಯಲ್ಲೇ ತೋರಿಸಿ, ಇದನ್ನು ನಾನು ಬರೆಯಲಾರೆ ಎಂದೆ. “ಎಲ್ಲರೂ ಹೀಗೇ ಪಡೆಯುತ್ತಿದ್ದಾರೆ” ಎಂದು ಎದ್ದು ಹೋದರು. ಅನೇಕ ತಿಂಗಳು ನಮ್ಮ ನಡುವೆ ಸಲಾಮಿನ ಹೊರತು ಬೇರೆ ಮಾತಿರಲಿಲ್ಲ.

ಆ ಮೌನ ನನಗೆ ನೋವು ತಂದಿತು. ಆದರೆ ಪ್ರತಿ ಪಂಚಾಯತಿಗೆ ಬರುವ ಮನೆಗಳ ಸಂಖ್ಯೆಗೆ ಮಿತಿಯಿದೆ. ಸುಳ್ಳು ಘೋಷಣೆಯಿಂದ ಒಬ್ಬರು ಪಡೆದ ಮನೆಯು ಬೀಡಿ ಕಟ್ಟುವ ಆ ತಾಯಿಯಂತಹ ಒಬ್ಬರ ಕೈತಪ್ಪಿದ ಮನೆ. ಬಡ್ಡಿಯ ಒಂದು ರೂಪಾಯಿಯೂ ಸೇರದ ಸಹಾಯಧನವೂ ಹೀಗೆ ನಿಷಿದ್ಧ ಸಂಪಾದನೆಯಾಗಬಲ್ಲದು. ಹಲಾಲೇ ಎಂಬ ಪ್ರಶ್ನೆಯನ್ನು ಬ್ಯಾಂಕಿನ ಕಾಗದಕ್ಕೆ ಮಾತ್ರ ಕೇಳಿದರೆ ಸಾಲದು, ನಮ್ಮ ಸಹಿಗೂ ಕೇಳಬೇಕು.

ಇನ್ನು ಜಮಾಅತ್‌ಗಳ ಹೊಣೆ. ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲಿ ಹಣವು ಸಾಮಾನ್ಯವಾಗಿ ತಳಪಾಯ, ಕಿಟಕಿ ಮಟ್ಟ, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಕಾಮಗಾರಿಯ ಜಿಪಿಎಸ್ ಛಾಯಾಚಿತ್ರ ಸಲ್ಲಿಕೆಯಾದ ಬಳಿಕ ಖಾತೆಗೆ ಬರುತ್ತದೆ. ಕೈಯಲ್ಲಿ ಕಾಸಿಲ್ಲದವನು ತಳಪಾಯ ಹಾಕುವುದೆಲ್ಲಿಂದ? ಆತ ವಾರದ ಬಡ್ಡಿಯ ಸಾಲಕ್ಕೆ ಕೈಚಾಚುತ್ತಾನೆ. ಬಡ್ಡಿಯಿಲ್ಲದ ಸಹಾಯಧನ ಪಡೆಯಲು ಬಡ್ಡಿಯ ಸಾಲ ಮಾಡುವ ವಿಪರ್ಯಾಸ ಇದು. ಇಲ್ಲಿ ಬೇಕಾದುದು ಕರ್ಝ್ ಹಸನ್, ಅಂದರೆ ಪ್ರತಿಫಲ ಬಯಸದ ಸಾಲ. ಉದಾಹರಣೆಗೆ, ತಳಪಾಯಕ್ಕೆಂದು ತಲಾ 30 ಸಾವಿರದಂತೆ ಹತ್ತು ಕುಟುಂಬಗಳಿಗೆ ಕೊಡಲು 3 ಲಕ್ಷ ಸಾಕು. ಸರಕಾರದ ಕಂತು ಬಂದಾಗ ಆ ಹಣ ಮರಳುತ್ತದೆ, ಮುಂದಿನ ಹತ್ತು ಮನೆಗಳಿಗೆ ಹೋಗುತ್ತದೆ. ಕಂತು ತಡವಾದರೆ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಅಲ್‌ಬಕರದ 280ನೇ ಸೂಕ್ತದ ಆದೇಶ ನಮ್ಮ ಮುಂದಿದೆ. ಮಸೀದಿಯ ಮಿನಾರಗಳಿಗೆ ಲಕ್ಷಗಟ್ಟಲೆ ಕೂಡಿಸಬಲ್ಲ ನಮ್ಮ ಊರುಗಳಿಗೆ ಇದು ಶಕ್ತಿಮೀರಿದ ಕೆಲಸವಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಊರಿನಲ್ಲಿ ಸೂರಿಲ್ಲದವರು ಯಾರೆಂದು ಈ ಶುಕ್ರವಾರ ಜುಮಾದ ಬಳಿಕ ಕುಳಿತು ಪಟ್ಟಿ ಮಾಡಿರಿ. ನೆರೆಯ ಹಿಂದೂ, ಕ್ರೈಸ್ತ ಮನೆಗಳನ್ನೂ ಬಿಡಬೇಡಿರಿ, ನೆರೆಯವರ ಹಕ್ಕಿಗೆ ಧರ್ಮದ ಗೋಡೆಯಿಲ್ಲ. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ನಿವೇಶನದ ದಾಖಲೆಗಳು ಯಾರಲ್ಲಿ ಇಲ್ಲವೆಂದು ವಿಚಾರಿಸಿ, ಗ್ರಾಮಸಭೆಯ ದಿನಾಂಕಕ್ಕೆ ಮೊದಲೇ ಸಿದ್ಧಪಡಿಸಿಕೊಡಿರಿ. ಬರೆಯಬಲ್ಲವರು ಬರೆದುಕೊಡಲಿ, ಉಳ್ಳವರು ತಳಪಾಯದ ಸಾಲ ಕೊಡಲಿ, ಮನೆಯುಳ್ಳವರು ಸಾಲಿನಿಂದ ಸರಿದು ನಿಲ್ಲಲಿ. ಎಲ್ಲರಿಗೂ ನೆಮ್ಮದಿಯ ಸೂರನ್ನು ಅಲ್ಲಾಹನು ಕರುಣಿಸಲಿ, ಆಮೀನ್.