ಪ್ಯಾಂಟು ತೊಟ್ಟು ಸೌದೆ ಕೊಯ್ದದ್ದು

ತೀರ್ಥಹಳ್ಳಿ ಸೀಮೆಯಲ್ಲಿ ಒಂದು ಮನೆತನದ ಯೋಗ್ಯತೆ ತಿಳಿಯಬೇಕಾದವರು ಹಿಂದೆಲ್ಲ ಜಗಲಿಯಲ್ಲಿ ಕೂತು ಕಾಲ ಕಳೆಯುತ್ತಿರಲಿಲ್ಲ. ಎಲೆ ಅಡಿಕೆ ಉಗುಳುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಸೌದೆ ಕೊಟ್ಟಿಗೆಯೊಳಗೆ ಇಣುಕುತ್ತಿದ್ದರು. ರೋಹಿಣಿ ಮಳೆ ಹನಿಯುವುದರೊಳಗೆ ಒಣಸೌದೆ ಮಾಡಿಗೆ ಮುಟ್ಟಿದ್ದರೆ ಆ ಮನೆಗೆ ಹೆಣ್ಣು ಕೊಡಬಹುದು. ನಮ್ಮ ಚಿಕ್ಕಪ್ಪನಿಗೆ ಹೆಣ್ಣು ಕೊಟ್ಟು ಎಷ್ಟೋ ಕಾಲವಾಯಿತು. ಆದರೂ ಪ್ರತಿ ಬೇಸಿಗೆ, ಮಾವನ ಮನೆಯವರು ನಾಳೆಯೇ ನೋಡಲು ಬರುವವರಿದ್ದಾರೆ ಎಂಬಂತೆ ಅವರು ಸೌದೆಗೆ ಒದ್ದಾಡುತ್ತಾರೆ.

ಕೊಡಲಿ ಹಿಡಿಯುವ ಆಳುಗಳು ಅಪರೂಪವಾದ ಮೇಲೆ ಈ ಒದ್ದಾಟ ಹೆಚ್ಚಾಯಿತು. ಆಗಲೇ ಶಿವಮೊಗ್ಗದ ಕೃಷಿ ಮೇಳಕ್ಕೆ ಹೋದವರು ಟ್ರ್ಯಾಕ್ಟರಿಗೆ ಜೋಡಿಸುವ ಗರಗಸ ನೋಡಿಕೊಂಡು ಬಂದರು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. ಟ್ರ್ಯಾಕ್ಟರಿನ ಹಿಂಬದಿಯ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದಂತೆ, ದೊಡ್ಡ ರಾಟೆಯಿಂದ ಸಣ್ಣ ರಾಟೆಗೆ ಬೆಲ್ಟು ಹಾಕಿದರೆ ಗರಗಸ ಅದರ ಎರಡು ಮೂರು ಪಟ್ಟು ವೇಗದಲ್ಲಿ ತಿರುಗುತ್ತದಂತೆ. ಸಾರು ಬಡಿಸುತ್ತಿದ್ದ ಚಿಕ್ಕಮ್ಮ, “ಅಷ್ಟು ಬೇಗ ತಿರುಗಿ ಎಲ್ಲಿಗೆ ಹೋಗಬೇಕು ಅದು?” ಎಂದರು. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ವಾರವೇ ಗರಗಸ ಅಂಗಳದಲ್ಲಿತ್ತು.

ಕಬ್ಬಿಣದ ಒಂದು ಮೇಜು. ಅದರ ಸೀಳಿನಿಂದ ತಲೆ ಎತ್ತಿದ 24 ಇಂಚಿನ ಹಲ್ಲಿನ ಚಕ್ರ. ಮರ ಕಡಿಯುವ ಯಂತ್ರ ಬಂದಿದೆ ಎಂದು ಕೇರಿಯವರೆಲ್ಲ ತೋಟದಂಚಿನ ಸಿಲ್ವರ್ ಓಕ್ ಮರದ ಕೆಳಗೆ ನೆರೆದರು. ಯಂತ್ರ ಮರದ ಬಳಿಗೆ ಹೋಗುವುದಿಲ್ಲ, ಮರವೇ ಉರುಳಿ, ತುಂಡಾಗಿ, ಯಂತ್ರದ ಬಳಿಗೆ ಬರಬೇಕು ಎಂಬುದು ಅಲ್ಲಿ ತಿಳಿಯಿತು. ಚಕ್ರದ ನಡುವೆ ಅಚ್ಚು ಇರುವುದರಿಂದ 24 ಇಂಚಿನಲ್ಲಿ ಅರ್ಧವೂ ಕೊಯ್ತಕ್ಕೆ ದಕ್ಕುವುದಿಲ್ಲ; ಒಂಬತ್ತು ಹತ್ತು ಇಂಚಿಗಿಂತ ದಪ್ಪದ್ದನ್ನು ತಿರುಗಿಸಿ ತಿರುಗಿಸಿ ಕೊಡಬೇಕು. ಮರ ಉರುಳಿಸಲು ಹಳೆಯ ಕೊಡಲಿಯವನನ್ನೇ ಹುಡುಕಿ ಕರೆತಂದರು. ಅವನು ಯಂತ್ರಕ್ಕೆ ಒಂದು ಸುತ್ತು ಬಂದು, “ಚೆನ್ನಾಗಿದೆ ಅಯ್ಯಾ. ಉಣ್ಣಿಸೋಕೆ ಮಾತ್ರ ಇಬ್ಬರು ಬೇಕು” ಎಂದ. ಆ ಇಬ್ಬರಲ್ಲಿ ಒಬ್ಬ ತಾನೇ ಆಗುವವನು ಎಂಬುದು ಅವನಿಗೆ ಗೊತ್ತಿತ್ತು.

ತಿರುಗುವ ದಂಡದ ಹತ್ತಿರ ಪಂಚೆ, ಟವೆಲು ಸುಳಿಯಬಾರದು. ಹಾಗಾಗಿ ಚಿಕ್ಕಪ್ಪ ತಾಲ್ಲೂಕು ಕಚೇರಿಗೆಂದೇ ಇಟ್ಟಿದ್ದ ಪ್ಯಾಂಟನ್ನು ಮನೆಯಲ್ಲಿ ತೊಡಬೇಕಾಯಿತು. ಅವರು ಹಾಗೆ ಅಂಗಳಕ್ಕಿಳಿದರೆ ದಾರಿಹೋಕರೆಲ್ಲ “ಪೇಟೆಗಾ?” ಎಂದು ಕೇಳುವರು. “ಅಲ್ಲ, ಸೌದೆ ಕೊಯ್ಯೋಕೆ” ಎಂದು ಚಿಕ್ಕಪ್ಪ ಗಂಭೀರವಾಗಿ ಹೇಳುವರು. ಮಧ್ಯಾಹ್ನ ಜಗಲಿಯಲ್ಲಿ ಕೂತು ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲು ಉಜ್ಜುವಾಗ ಅವರ ಮುಖದಲ್ಲಿದ್ದ ಶ್ರದ್ಧೆಯನ್ನು ನಾನು ದೇವರ ಪೂಜೆಯಲ್ಲಿಯೂ ಕಂಡದ್ದಿಲ್ಲ. ಸತ್ತ ತೆಂಗಿನ ಕಾಂಡ ಕೊಯ್ದ ದಿನ ಹಲ್ಲೆಲ್ಲ ಮೊಂಡಾಗಿ, ಅವರು ತೆಂಗಿನ ಜೊತೆ ಮಾತು ಬಿಟ್ಟರು.

ಸಿಲ್ವರ್ ಓಕ್ ಬಗ್ಗೆ ಅವರಿಗೆ ಅಂಥ ದಾಕ್ಷಿಣ್ಯವಿರಲಿಲ್ಲ. ಆಸ್ಟ್ರೇಲಿಯಾದಿಂದ ಬಂದು ನಮ್ಮ ಕಾಳುಮೆಣಸಿನ ಬಳ್ಳಿ ಹೊತ್ತು ನಿಂತ ಮರ ಅದು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೂ ಅದನ್ನು ತನ್ನ ಹೊಲದಲ್ಲಿ ಕಡಿಯುವ ರೈತನಿಗೆ ಅಡ್ಡ ಬರುವುದಿಲ್ಲ. ಬೀಟೆಯ ಕಡೆ ಕಣ್ಣು ಹಾಯಿಸಿದರೂ ಅರಣ್ಯ ಇಲಾಖೆಗೆ ಅರ್ಜಿ ಬರೆಯಬೇಕು. ಪರದೇಶಿಗೆ ಕಾಯುವವರಿಲ್ಲ ಎಂದು ಒಮ್ಮೊಮ್ಮೆ ನನಗೆ ಕನಿಕರ ಬರುತ್ತದೆ.

ಎರಡು ಬೇಸಿಗೆಯಲ್ಲಿ ಕೊಟ್ಟಿಗೆ ತುಂಬಿತು, ಜಗಲಿಯ ಕೊನೆ ತುಂಬಿತು, ಖಾಲಿ ಬಿದ್ದಿದ್ದ ದನದ ಹಟ್ಟಿಯೂ ತುಂಬಿತು. ಅಡಿಕೆ ಬೇಯಿಸಲು ಒಂದಿಷ್ಟು ಬೇಕು, ನಿಜ. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಮಗ ಬೆಂಗಳೂರಿನಿಂದ ಕಳಿಸಿದ ಸೋಲಾರು. ಮಲೆನಾಡಿನ ಮಳೆಗಾಲದಲ್ಲಿ ಆ ಸೋಲಾರು ಸೂರ್ಯನ ಮುಖ ಕಾಣದೆ ತಣ್ಣಗೆ ಕೂತಾಗ ಚಿಕ್ಕಪ್ಪನ ಹಂಡೆಗೆ ಮೂರು ತಿಂಗಳ ರಾಜ್ಯಭಾರ. ಆ ಹಂಡೆಯಲ್ಲಿ ಒಂದು ಕಾಲಕ್ಕೆ ಹನ್ನೆರಡು ಜನ ಮೀಯುತ್ತಿದ್ದೆವು. ಈಗ ಇಬ್ಬರು. ಚಿಕ್ಕಪ್ಪನ ಸೌದೆಯ ಲೆಕ್ಕ ಮಾತ್ರ ಹನ್ನೆರಡಕ್ಕೇ ನಿಂತಿದೆ.

ಹಿತ್ತಿಲಿನ ಅಪ್ಪೆಮಿಡಿ ಮಾವಿನ ಮರವೊಂದನ್ನು ಅವರು ಮುಟ್ಟಿಲ್ಲ. ಕಳೆದ ವರ್ಷ ಅದರ ಅರ್ಧ ಒಣಗಿತು. ನಾನು, “ಆ ಒಣಗಿದ ಭಾಗ ಕೊಯ್ಯಬಹುದಲ್ಲ ಚಿಕ್ಕಪ್ಪ?” ಎಂದೆ.

“ಇರಲಿ ಮಾರಾಯ. ಅದು ನನಗೆ ಬೇಕು” ಎಂದರು.

ಕೊನೆಯ ಸೌದೆಗೆ ಮಾವೇ ಆಗಬೇಕೆನ್ನುವ ಊರು ನಮ್ಮದು. ನನಗೆ ಮಾತು ಹೊರಡಲಿಲ್ಲ. ಮಿಡಿಗೆ ಉಪ್ಪು ಬೆರೆಸುತ್ತಿದ್ದ ಚಿಕ್ಕಮ್ಮನಿಗೆ ಅಂಥ ತೊಂದರೆಯೇನೂ ಆಗಲಿಲ್ಲ.

“ಉಳಿದರ್ಧ ಇನ್ನೂ ಹತ್ತು ವರ್ಷ ಮಿಡಿ ಬಿಡ್ತದೆ. ಅಲ್ಲಿವರೆಗೆ ಗರಗಸವೂ ಅಲ್ಲಿಗೆ ಹೋಗೋದು ಬೇಡ, ನೀವೂ ಎಲ್ಲಿಗೂ ಹೋಗೋದು ಬೇಡ. ಆ ಪ್ಯಾಂಟು ಬಿಚ್ಚಿ ಕೊಡಿ, ನೆನೆಹಾಕ್ತೇನೆ.”